ಬೀಗ ಬಿದ್ದ ಅಂಗಡಿಗೂ ಬಾಡಿಗೆ ಕೊಡಬೇಕೇ?

ಕೋವಿಡ್ ಕಾಲದಲ್ಲಿ ವಕೀಲರಿಗೆ ವ್ಯಾಪಾರಸ್ಥರಿಂದ ಬರುತ್ತಿದ್ದ ಫೋನುಗಳಲ್ಲಿ ಜಾಸ್ತಿ ಕೇಳುತ್ತಿದ್ದ ಪ್ರಶ್ನೆ ಇದು: "ಸರ್, ಅಂಗಡಿ ಮುಚ್ಚಿಸಿದ್ದು ಸರ್ಕಾರ. ಬಾಡಿಗೆ ನಾವ್ಯಾಕೆ ಕೊಡಬೇಕು?" ಕೇಳುವವರ ಕಷ್ಟ ನಿಜವಾದದ್ದೇ. ಆದರೆ ಕಾನೂನು ಕೊಟ್ಟ ಉತ್ತರ ಅವರ ಪರವಾಗಿ ಇರಲಿಲ್ಲ. ಇಷ್ಟು ವರ್ಷ ಕಳೆದ ಮೇಲೂ ಇದನ್ನು ಬರೆಯಲು ಕಾರಣವಿದೆ. ಇವತ್ತು ನನ್ನ ಮೇಜಿಗೆ ಬರುವ ಬಾಡಿಗೆ ಕರಾರುಗಳಲ್ಲಿ ಹೆಚ್ಚಿನವು 2019ರಲ್ಲಿ ಇದ್ದಂತೆಯೇ ಇವೆ. ಹಳೇ ಕರಾರಿನಲ್ಲಿ ಹೆಸರು, ತಾರೀಖು ಬದಲಿಸಿ ಸಹಿ ಹಾಕಿರುತ್ತಾರೆ. ಸರ್ಕಾರ ಬಾಗಿಲು ಹಾಕಿಸಿದರೆ ಏನು ಅನ್ನುವ ಬಗ್ಗೆ ಒಂದು ಸಾಲೂ ಇರುವುದಿಲ್ಲ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ. ಆ ಆದೇಶ ಬಾಗಿಲು ಮುಚ್ಚಿಸಿತೇ ಹೊರತು ಅಂಗಡಿ ಬಾಡಿಗೆ ಮನ್ನಾ ಮಾಡಲಿಲ್ಲ. ಮಾರ್ಚ್ 29ರ ಗೃಹ ಸಚಿವಾಲಯದ ಆದೇಶದಲ್ಲಿ ಬಾಡಿಗೆಯ ಮಾತು ಬಂದಿತ್ತು ನಿಜ. ಅದು ಕಾರ್ಮಿಕರು ವಾಸವಿದ್ದ ಮನೆಗಳಿಗೆ, ಅದೂ ಒಂದು ತಿಂಗಳ ಮಟ್ಟಿಗೆ.

ಆಗ ಎಲ್ಲರ ಬಾಯಲ್ಲೂ ಇದ್ದದ್ದು ಕಾಂಟ್ರ್ಯಾಕ್ಟ್ ಕಾಯ್ದೆಯ 56ನೇ ಸೆಕ್ಷನ್. ಒಪ್ಪಿಕೊಂಡ ಕೆಲಸ ಮಾಡಲು ಆಗದೇ ಹೋದರೆ ಒಪ್ಪಂದವೇ ಬಿದ್ದುಹೋಗುತ್ತದೆ ಅನ್ನುತ್ತದೆ ಅದು. ಆದರೆ ಗುತ್ತಿಗೆ ಕೊಟ್ಟ ಜಾಗಕ್ಕೆ ಈ ಸೆಕ್ಷನ್ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಅಲ್ಲಿ ನೋಡಬೇಕಾದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಬೆಂಕಿ, ಪ್ರವಾಹ ಇಂಥದ್ದರಿಂದ ಜಾಗ ನಾಶವಾಗಬೇಕು, ಇಲ್ಲವೇ ಶಾಶ್ವತವಾಗಿ ಬಳಸಲು ಬಾರದಂತಾಗಬೇಕು. ಆಗ ಮಾತ್ರ ಬಾಡಿಗೆದಾರ ಗುತ್ತಿಗೆ ಮುರಿಯಬಹುದು. ಕೆಲವು ತಿಂಗಳು ಶಟರ್ ಎಳೆದಿದ್ದರೆ ಅದು ಶಾಶ್ವತ ಅನ್ನಿಸಿಕೊಳ್ಳುವುದಿಲ್ಲ. 2020ರ ಮೇನಲ್ಲಿ ದೆಹಲಿ ಹೈಕೋರ್ಟ್ ಖಾನ್ ಮಾರ್ಕೆಟ್‌ನ ಒಂದು ಮಳಿಗೆಯ ಪ್ರಕರಣದಲ್ಲಿ ಇದನ್ನೇ ಹೇಳಿತು. ಕಟ್ಟಲು ಒಂದಿಷ್ಟು ಸಮಯ ಕೊಟ್ಟಿತು, ಬಾಡಿಗೆ ತಡೆಹಿಡಿಯಲು ಒಪ್ಪಲಿಲ್ಲ. ಜಾಗ ಬಿಟ್ಟುಕೊಡದೆ, ಬಾಡಿಗೆಯನ್ನೂ ಕೊಡದೆ ಇರುವ ದಾರಿ ಕಾನೂನಿನಲ್ಲಿ ಇಲ್ಲ.

ಆದರೆ ಅದೇ ತೀರ್ಪು ಇನ್ನೊಂದು ಬಾಗಿಲು ತೆರೆದಿಟ್ಟಿತು. ಕರಾರಿನಲ್ಲೇ ವಿನಾಯಿತಿ ಬರೆದಿದ್ದರೆ ಬಾಡಿಗೆದಾರ ಅದನ್ನು ಕೇಳಬಹುದು. ಅದಕ್ಕೇ ಈಗ ಕರಾರು ನವೀಕರಿಸುವವರಿಗೆಲ್ಲ ನಾನು ಹೀಗೊಂದು ಷರತ್ತು ಸೇರಿಸಲು ಹೇಳುತ್ತೇನೆ: "ಸಾಂಕ್ರಾಮಿಕ ರೋಗದ ಕಾರಣ ಸರ್ಕಾರದ ಆದೇಶದಂತೆ ಮಳಿಗೆಯನ್ನು ಸತತ 15 ದಿನಕ್ಕಿಂತ ಹೆಚ್ಚು ಮುಚ್ಚಬೇಕಾಗಿ ಬಂದರೆ, ಮುಚ್ಚಿದ ದಿನಗಳಿಗೆ ಅರ್ಧ ಬಾಡಿಗೆ. 90 ದಿನ ದಾಟಿದರೆ ಬಾಡಿಗೆದಾರರು ನೋಟಿಸ್ ಅವಧಿಯಿಲ್ಲದೆ ಖಾಲಿ ಮಾಡಬಹುದು. ಅಡ್ವಾನ್ಸ್‌ನಲ್ಲಿ ಬಾಕಿ ಮುರಿದುಕೊಂಡು ಉಳಿದದ್ದನ್ನು ಮಾಲೀಕರು ಹಿಂದಿರುಗಿಸಬೇಕು." ದಿನ ಎಷ್ಟು, ಪಾಲು ಎಷ್ಟು ಅನ್ನುವುದು ಇಬ್ಬರಿಗೂ ಬಿಟ್ಟದ್ದು. ಮಾಲೀಕರೂ ಇದಕ್ಕೆ ಹೆದರಬೇಕಿಲ್ಲ. ಬಾಡಿಗೆ ನಂಬಿಕೊಂಡೇ ಬ್ಯಾಂಕ್ ಕಂತು ಕಟ್ಟುವ ಮಾಲೀಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದಕ್ಕಿಂತ ಅರ್ಧ ಬಾಡಿಗೆ ಸರಿಯಾಗಿ ಕೈಸೇರುವುದು ಅವರಿಗೂ ಒಳ್ಳೆಯದೇ.

ಮಾಲು ಪೂರೈಸುವ ಒಪ್ಪಂದಗಳಲ್ಲಿ 'ಫೋರ್ಸ್ ಮೆಜೂರ್' ಷರತ್ತು, ಅಂದರೆ ನಮ್ಮ ಕೈಮೀರಿದ ಕಾರಣಕ್ಕೆ ಕೆಲಸ ನಿಂತರೆ ಏನು ಎಂದು ಹೇಳುವ ಷರತ್ತು, ಸಾಮಾನ್ಯವಾಗಿ ಇರುತ್ತದೆ. ಆದರೆ ಅದನ್ನು ಓದುವವರು ಕಡಿಮೆ. ಇಂತಿಷ್ಟು ದಿನದೊಳಗೆ ಬರಹದಲ್ಲಿ ತಿಳಿಸಬೇಕು ಎಂದು ಎಷ್ಟೋ ಕಡೆ ಇರುತ್ತದೆ. ಸುಮ್ನೆ ಫೋನಿನಲ್ಲಿ "ಮಾಲು ಬರಲ್ಲ" ಅಂದರೆ ಸಾಲದು. ಯಾವ ಆದೇಶದಿಂದ, ಯಾವ ತಾರೀಖಿನಿಂದ, ಯಾವ ಆರ್ಡರ್ ನಿಂತಿದೆ ಎಂದು ಅದೇ ವಾರ ಇಮೇಲ್ ಹಾಕಬೇಕು. ರೋಗ ಬರುವ ಮೊದಲೇ ಕೆಲಸ ತಡ ಮಾಡಿದ್ದವರಿಗಂತೂ ಕೋವಿಡ್ ನೆಪ ನಡೆಯಲಿಲ್ಲ.

ಸಂಬಳದ ವಿಷಯದಲ್ಲಿ ಮಾತುಕತೆಯೇ ದಾರಿಯಾಯಿತು. ಮಾರ್ಚ್ 29ರ ಆದೇಶ ಪೂರ್ತಿ ಸಂಬಳ ಕೊಡಿ ಅಂದಿತ್ತು. ಮೇ 18ರಿಂದ ಅದು ಹಿಂದಕ್ಕೆ ಹೋಯಿತು. ಜೂನ್ 12ರಂದು ಸುಪ್ರೀಂ ಕೋರ್ಟ್, ನಡುವಿನ ದಿನಗಳ ಸಂಬಳವನ್ನು ಮಾಲೀಕರು, ಕಾರ್ಮಿಕರು ಕೂತು ಬಗೆಹರಿಸಿಕೊಳ್ಳಬಹುದು, ಆಗದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಬಹುದು ಅಂದಿತು. ಹಾಗೆ ಕೂತು ಬರೆದುಕೊಂಡ ಸಣ್ಣ ಕಾರ್ಖಾನೆಗಳಿಗೆ ಮುಂದೆ ತಕರಾರು ಬಂದದ್ದು ಕಡಿಮೆ. ತರಾತುರಿಯ ಆದೇಶ ನಂಬಿ ಪಾಳಿ ಬದಲಿಸಿದವರಿಗೆ ತೊಂದರೆಯಾಯಿತು. ಕರ್ನಾಟಕ ಸರ್ಕಾರ ಮೇ 22ರಂದು ಕಾರ್ಖಾನೆಗಳ ಕೆಲಸವನ್ನು ದಿನಕ್ಕೆ 10 ಗಂಟೆಗೆ ಏರಿಸಿ, ಜೂನ್‌ನಲ್ಲಿ ಅದನ್ನು ವಾಪಸ್ ಪಡೆಯಿತು. ಗುಜರಾತಿನ ಅಂಥದ್ದೇ ಆದೇಶವನ್ನು ಸುಪ್ರೀಂ ಕೋರ್ಟ್ ಅಕ್ಟೋಬರ್‌ನಲ್ಲಿ ರದ್ದು ಮಾಡಿತು.

ಸಣ್ಣ ತಯಾರಕರು ಮರೆತೇಬಿಡುವ ಒಂದು ಹಕ್ಕಿದೆ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಅವರ ಬಿಲ್ಲು ಹೆಚ್ಚೆಂದರೆ 45 ದಿನದಲ್ಲಿ ಪಾವತಿಯಾಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ 'ಬ್ಯಾಂಕ್ ದರ'ದ ಮೂರು ಪಟ್ಟು ಚಕ್ರಬಡ್ಡಿ. ಮಾಲು ಕಳಿಸುವ ಮೊದಲೇ ಸರ್ಕಾರದ 'ಉದ್ಯಮ್' ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿಕೊಂಡಿರಿ. ಆಮೇಲೆ ಮಾಡಿಸಿದರೆ ಹಳೇ ಬಿಲ್ಲಿಗೆ ಈ ಬಡ್ಡಿ ಕೇಳುವುದು ಕಷ್ಟ.

ಕೋವಿಡ್ ಕಾಲದ ಬಾಕಿ ಈಗಲೂ ಬರಬೇಕು ಅನ್ನುವವರು ತಾರೀಖು ನೋಡಬೇಕು. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಸುಪ್ರೀಂ ಕೋರ್ಟ್ ದಾವೆ ಹೂಡಲು ಇರುವ ಕಾಲಮಿತಿಯ ಲೆಕ್ಕದಿಂದ ಹೊರಗಿಟ್ಟಿತ್ತು. ಆ ನಡುವೆ ಬಾಕಿಯಾದ ಬಿಲ್ಲಿಗೆ ದಾವೆ ಹೂಡಲು ಮೂರು ವರ್ಷ, ಅಂದರೆ 2025ರ ಫೆಬ್ರವರಿವರೆಗೆ ಅವಕಾಶವಿತ್ತು. ಅದು ಮುಗಿಯಿತು. ಆದರೆ ಅದಕ್ಕೂ ಮೊದಲು ಗಿರಾಕಿ "ಇಷ್ಟು ಕೊಡಬೇಕಿದೆ" ಎಂದು ಸಹಿ ಹಾಕಿ ಕೊಟ್ಟಿದ್ದರೆ, ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಶುರುವಾಗುತ್ತದೆ. ಆಡಿಟರ್ ಹತ್ತಿರವಿರುವ ಬಾಕಿ ದೃಢೀಕರಣ ಪತ್ರಗಳನ್ನು ಈ ವಾರವೇ ತರಿಸಿ ನೋಡಿ.