ಸುಣ್ಣದ ಗಾರೆ ಗೋಡೆಯಿಂದ ಮರೆಯಾದದ್ದು ಹೇಗೆ, ಮತ್ತೆ ಬೇಕಾಗಿರುವುದು ಯಾಕೆ

ಮರಳುಗಲ್ಲಿನ ಅಥವಾ ಇಟ್ಟಿಗೆಯ ಹಳೆಯ ಗೋಡೆಯ ಸಂದುಗಳಿಗೆ ಸಿಮೆಂಟ್ ತುಂಬಿಸಿ ಕೆಲವು ವರ್ಷ ಬಿಟ್ಟು ನೋಡಿದರೆ, ಎಷ್ಟೋ ಕಡೆ ಸಿಮೆಂಟು ಹಾಗೆಯೇ ಇರುತ್ತದೆ, ಅದರ ಸುತ್ತಲಿನ ಕಲ್ಲು ಮಾತ್ರ ಪುಡಿಯಾಗಿ ಉದುರಿರುತ್ತದೆ. ಗೋಡೆ ಹೀರಿಕೊಂಡ ನೀರು ಆರುವಾಗ ಸುಲಭದ ದಾರಿ ಹಿಡಿಯುತ್ತದೆ. ಸುಣ್ಣದ ಗಾರೆ ಇದ್ದಾಗ ಆ ದಾರಿ ಸಂದೇ. ನೀರಿನಲ್ಲಿ ಕರಗಿ ಬಂದ ಉಪ್ಪು ಗಾರೆಯೊಳಗೆ ಹರಳುಗಟ್ಟುತ್ತದೆ, ಗಾರೆ ಸವೆಯುತ್ತದೆ, ಸವೆದದ್ದನ್ನು ಕೆದಕಿ ತೆಗೆದು ಹೊಸದನ್ನು ತುಂಬಬಹುದು. ಸಂದನ್ನು ಸಿಮೆಂಟ್ ಮುಚ್ಚಿದರೆ ನೀರಿಗೂ ಉಪ್ಪಿಗೂ ಕಲ್ಲೇ ದಾರಿ. ಕಲ್ಲು ಹೋದರೆ ಅದನ್ನು ಮತ್ತೆ ತುಂಬಲಾಗದು. ಗಾರೆ ಯಾವಾಗಲೂ ಕಲ್ಲಿಗಿಂತ ಮೆತ್ತಗಿರಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ಆ ಪಾಠ ಕೈತಪ್ಪಿದ್ದಕ್ಕೆ ಸುಮಾರು ಇನ್ನೂರು ವರ್ಷಗಳ ಹಿನ್ನೆಲೆ ಇದೆ.

ಗಾರೆಯ ಅಳತೆಗಳು ಬಹಳ ಹಳೆಯವು. ಒಂದು ಪಾಲು ಸುಣ್ಣಕ್ಕೆ ಅಗೆದು ತೆಗೆದ ಮರಳಾದರೆ ಮೂರು ಪಾಲು, ನದಿಯ ಮರಳಾದರೆ ಎರಡು ಪಾಲು ಎಂದು ಪ್ರಾಚೀನ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿಟ್ಟಿದ್ದಾನೆ. ನದಿಯ ಮರಳಿಗೆ ಮೂರನೇ ಒಂದು ಪಾಲು ಮಡಕೆ ಚೂರಿನ ಪುಡಿ ಬೆರೆಸಿದರೆ ಇನ್ನೂ ಒಳ್ಳೆಯದು ಎಂದೂ ಹೇಳುತ್ತಾನೆ. ಸುಟ್ಟ ಜೇಡಿಮಣ್ಣಿನ ಸಿಲಿಕಾ ಸುಣ್ಣದ ಜೊತೆ ಕೂಡಿ, ಗಾಳಿ ತಾಗದ ಕಡೆಯೂ ಗಟ್ಟಿಯಾಗುತ್ತದೆ. ನಮ್ಮಲ್ಲಿ ಇಟ್ಟಿಗೆ ಪುಡಿಯಿಂದ ಮಾಡುವ ಸುರ್ಕಿಯ ಕೆಲಸವೂ ಇದೇ. 1911ರಲ್ಲಿ ಶುರುವಾದ ಕನ್ನಂಬಾಡಿ ಅಣೆಕಟ್ಟು ಎದ್ದದ್ದು ಸುರ್ಕಿ ಗಾರೆಯಲ್ಲಿ. ಅತಿಯಾಗಿ ಬೆಂದ ಇಟ್ಟಿಗೆಯ ಪುಡಿ ಇದಕ್ಕೆ ಆಗುವುದಿಲ್ಲ. ಅದು ಸುಣ್ಣದೊಡನೆ ಕೂಡದೆ ಬರೀ ಮರಳಿನಂತೆ ಉಳಿಯುತ್ತದೆ.

ತಿರುವು ಬಂದದ್ದು ಇಂಗ್ಲೆಂಡಿನಲ್ಲಿ. 1756ರಲ್ಲಿ ಎಡ್ಡಿಸ್ಟೋನ್ ದೀಪಸ್ತಂಭದ ಕೆಲಸ ಹಿಡಿದ ಜಾನ್ ಸ್ಮೀಟನ್, ಜೇಡಿ ಬೆರೆತ ಸುಣ್ಣಕಲ್ಲನ್ನು ಸುಟ್ಟರೆ ನೀರಿನಡಿಯಲ್ಲೂ ಗಟ್ಟಿಯಾಗುವ ಸುಣ್ಣ ಸಿಗುತ್ತದೆ ಎಂದು ಕಂಡುಕೊಂಡ. 1824ರಲ್ಲಿ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಮುಂದೆ ಕಲಸಿದ 28 ದಿನಕ್ಕೆ ಎಷ್ಟು ಬಲ ಬಂದಿದೆ ಎಂಬುದೇ ಕಾಮಗಾರಿಯ ಅಳತೆಗೋಲಾಯಿತು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತಿಂಗಳಿಗೆ ಅಂದಾಜು ಒಂದು ಮಿಲಿಮೀಟರ್ ಆಳಕ್ಕೆ ಗಟ್ಟಿಯಾಗುತ್ತ ಹೋಗುವ ಸುಣ್ಣಕ್ಕೆ ಆ ಪರೀಕ್ಷೆಯಲ್ಲಿ ಪಾಸಾಗುವ ದಾರಿಯೇ ಇರಲಿಲ್ಲ. ಕೆಲಸ ನಿಂತಾಗ ಕೈಚಳಕವೂ ಹೋಯಿತು. ಈಗ ಸುಣ್ಣ ಸಿಕ್ಕರೂ ಅದನ್ನು ಪಳಗಿಸುವವರು ಸಿಗುವುದು ಕಷ್ಟ, ನಿಜವಾದ ನಷ್ಟ ಅದು.

ಪಳಗಿಸುವುದು ಗೂಡಿನಿಂದಲೇ ಶುರು. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದ 100 ಕಿಲೋ ಶುದ್ಧ ಸುಣ್ಣಕಲ್ಲಿನಿಂದ 56 ಕಿಲೋ ಸುಟ್ಟ ಸುಣ್ಣ ಬರುತ್ತದೆ. ಅರಳಿಸುವಾಗ ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಅತಿಯಾಗಿ ಬೆಂದ ಹರಳುಗಳು ತಡವಾಗಿ ಅರಳುತ್ತವೆ. ಸೋಸದೆ ಬಳಸಿದರೆ ತಿಂಗಳುಗಳ ನಂತರ ಗೋಡೆಯ ಮೇಲೆ ಅರಳಿ ಗಿಲಾವಿನಿಂದ ಚಕ್ಕೆ ಎಬ್ಬಿಸುತ್ತವೆ. ಅದಕ್ಕಾಗಿ ಅರಳಿಸಿ ಸೋಸಿದ ಸುಣ್ಣವನ್ನು ನೀರಿನಡಿ ಗುಂಡಿಯಲ್ಲಿ ಹಲವು ತಿಂಗಳು ಮಾಗಿಸುತ್ತಾರೆ. ಮೂರು ವರ್ಷ ಮಾಗದ ಸುಣ್ಣವನ್ನು ಗುತ್ತಿಗೆದಾರ ಬಳಸಬಾರದು ಎಂದು ಹಳೆಯ ರೋಮನ್ ನಿಯಮವೊಂದಿತ್ತೆಂದು ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ.

ಮರಳು ಒರಟಾಗಿ, ದಪ್ಪ ಸಣ್ಣ ಕಾಳುಗಳು ಬೆರೆತು, ಮಣ್ಣಿಲ್ಲದೆ ಇರಬೇಕು. ಅಂಥ ಮರಳಿನಲ್ಲಿ ಮೂರನೇ ಒಂದರಷ್ಟು ಜಾಗ ಖಾಲಿ. ಅದನ್ನು ತುಂಬಲು ಮೂರು ಪಾಲು ಮರಳಿಗೆ ಒಂದು ಪಾಲು ಸುಣ್ಣ ಸಾಕು. ಗಾರೆಗೆ ನೀರು ಹೆಚ್ಚಾದರೆ ಬಿರುಕು ಖಚಿತ. ಗೋಡೆಯನ್ನು ಮೊದಲು ಚೆನ್ನಾಗಿ ನೆನೆಸಿ, ಒಂದು ಪದರಕ್ಕೆ 8ರಿಂದ 10 ಮಿಲಿಮೀಟರ್ ಮೀರದಂತೆ ಬಳಿದು, ಬಿಸಿಲಿಗೆ ಒದ್ದೆ ಗೋಣಿ ಇಳಿಬಿಡಬೇಕು. ಬೇಗ ಒಣಗಿದ ಗಾರೆ ಬೆರಳಿಗೆ ಪುಡಿಯಾಗಿ ಬರುತ್ತದೆ, ಯಾಕೆಂದರೆ ತೇವ ಇಲ್ಲದೆ ಅದು ಇಂಗಾಲದ ಡೈಆಕ್ಸೈಡನ್ನು ಹೀರುವುದಿಲ್ಲ. ಅವಸರಕ್ಕೆ ಚೂರು ಸಿಮೆಂಟ್ ಬೆರೆಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಆ ಸ್ವಲ್ಪ ಸಿಮೆಂಟಿನಿಂದ ನೆಚ್ಚಿಕೊಳ್ಳುವಷ್ಟು ಬಲ ಬರುವುದಿಲ್ಲ, ತೇವವನ್ನು ಹೊರಬಿಡುವ ಸುಣ್ಣದ ಗುಣವೂ ಕುಗ್ಗುತ್ತದೆ.

ಇಷ್ಟನ್ನೂ ಪುಸ್ತಕದಿಂದ ಕಲಿಯಬಹುದು, ಆದರೆ ಕರಣೆಗೆ ಗಾರೆ ಅಂಟುವ ಹದ ಮಾಡಿಯೇ ಬರಬೇಕು. ಜಪಾನಿನ ಇಸೆ ದೇಗುಲವನ್ನು ಸುಮಾರು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ, 2013ರದು 62ನೆಯ ಬಾರಿ. ಹೀಗಾಗಿ ಹಿಂದಿನ ಸಲ ಕಟ್ಟಿದವರು ಮುಂದಿನವರಿಗೆ ಕಲಿಸಲು ಬದುಕಿರುತ್ತಾರೆ. 2019ರಲ್ಲಿ ಸುಟ್ಟ ಪ್ಯಾರಿಸ್ಸಿನ ನೋತ್ರ ದಾಮ್ ಚರ್ಚಿನ ಓಕ್ ಚಾವಣಿಯನ್ನು ಕೈಕೊಡಲಿಯಿಂದ ಕೆತ್ತಿ ಮರುಕಟ್ಟಲು ಸಾಧ್ಯವಾದದ್ದೂ ಆ ಕಲೆ ಬಲ್ಲ ಬಡಗಿಗಳು ಉಳಿದಿದ್ದರಿಂದಲೇ.

ಹೊಸ ಕಟ್ಟಡಗಳಲ್ಲಿ ಸುಣ್ಣ ಎಲ್ಲ ಕಡೆ ಸಲ್ಲುವುದಿಲ್ಲ. ಕಂಬಿ ಹಾಕಿದ ಕಾಂಕ್ರೀಟಿಗೆ ಅದು ಬೇಡ. ಗಟ್ಟಿಯಾಗುತ್ತ ಕ್ಷಾರ ಕಳೆದುಕೊಳ್ಳುವ ಸುಣ್ಣದೊಳಗೆ ಕಂಬಿ ತುಕ್ಕು ಹಿಡಿಯುತ್ತದೆ. ಆದರೆ ಒಂದೆರಡು ಅಂತಸ್ತಿನ ಇಟ್ಟಿಗೆ ಗೋಡೆಗೆ, ಮಣ್ಣಿನ ಗೋಡೆಯ ಗಿಲಾವಿಗೆ ಅದು ಚೆನ್ನಾಗಿ ಹೊಂದುತ್ತದೆ. ಕಟ್ಟಡ ಕೆಡವುವಾಗ ಇಟ್ಟಿಗೆ ಒಡೆಯದೆ ಬಿಡಿಸಿ ಮತ್ತೆ ಬಳಸಬಹುದು. ಸುಡುವಾಗ ಕಲ್ಲಿನಿಂದ ಹೊರಟ ಇಂಗಾಲದ ಡೈಆಕ್ಸೈಡಿನ ಒಂದು ಪಾಲನ್ನು ಗಾರೆ ಗೋಡೆಯ ಮೇಲೆಯೇ ಮರಳಿ ಹೀರುತ್ತದೆ. ಗುತ್ತಿಗೆ ಪತ್ರದಲ್ಲಿ ಬಲದ ಅಂಕಿ ಮಾತ್ರ ಬರೆಯುವ ಬದಲು ಒಂದು ಚದರ ಮೀಟರ್ ಮಾದರಿ ಗೋಡೆ ಕೇಳಬೇಕು. ಅದನ್ನು ಕೆಲಸ ಮಾಡಲಿರುವ ಗಾರೆಯವರೇ ಕಟ್ಟಬೇಕು. ಕೆಲವು ವಾರ ಮಳೆ ಬಿಸಿಲಿಗೆ ಬಿಟ್ಟು, ಬಿರುಕು ನೋಡಿ, ಉಗುರಿನಿಂದ ಕೆರೆದು ಪರೀಕ್ಷಿಸಿದ ಮೇಲೆಯೇ ಉಳಿದ ಗೋಡೆಗೆ ಒಪ್ಪಿಗೆ ಕೊಡಬೇಕು.