ಸುಗಾ ಯಾವ ‘ಕಾರ್ಯದರ್ಶಿ’ಯಾಗಿದ್ದರು?

‘ಮುಖ್ಯ ಸಂಪುಟ ಕಾರ್ಯದರ್ಶಿಯಾಗಿದ್ದ ಯೋಶಿಹಿದೆ ಸುಗಾ 2020ರಲ್ಲಿ ಜಪಾನಿನ ಪ್ರಧಾನಿಯಾದರು.’ ಇದನ್ನು ಓದಿದ ಹತ್ತು ಜನರಲ್ಲಿ ಒಬ್ಬಿಬ್ಬರಾದರೂ ಕೇಳುತ್ತಾರೆ: ಐಎಎಸ್ ಅಧಿಕಾರಿ ಏಕಾಏಕಿ ಪ್ರಧಾನಿ ಆಗಿದ್ದು ಹೇಗೆ? ಓದುಗರ ತಪ್ಪಲ್ಲ. ದೆಹಲಿಯಲ್ಲಿ ಸಂಪುಟ ಕಾರ್ಯದರ್ಶಿ ಎಂದರೆ ದೇಶದ ಅತಿ ಹಿರಿಯ ಅಧಿಕಾರಿ. ತಪ್ಪು, ಇಂಗ್ಲಿಷಿನ ಪದನಾಮವನ್ನು ಹಾಗೇ ಕನ್ನಡಕ್ಕೆ ಇಳಿಸುವ ನಮ್ಮದು.

ಸುಗಾ ಅವರ ಜೀವನದಲ್ಲಿ ‘ಕಾರ್ಯದರ್ಶಿ’ ಎಂಬ ಪದ ಎರಡು ಸಲ ಬರುತ್ತದೆ, ಎರಡಕ್ಕೂ ಸಂಬಂಧವೇ ಇಲ್ಲ. ಅಕಿತಾ ಪ್ರಾಂತ್ಯದ ರೈತ ಕುಟುಂಬದ ಸುಗಾ, ಹೊಸೆಯಿ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, 1975ರಿಂದ ಸುಮಾರು ಹನ್ನೊಂದು ವರ್ಷ ಸಂಸದ ಹಿಕೋಸಬುರೊ ಒಕೊನೊಗಿ ಅವರ ‘ಹಿಶೋ’ ಆಗಿದ್ದರು. ನಮ್ಮ ಮಾತಿನಲ್ಲಿ ಪಿಎ, ಆಪ್ತ ಕಾರ್ಯದರ್ಶಿ. ಅಲ್ಲಿಂದ 1987ರಲ್ಲಿ ಯೊಕೊಹಾಮಾ ನಗರಸಭೆ, 1996ರಲ್ಲಿ ಕನಗಾವಾ 2ನೇ ಕ್ಷೇತ್ರದಿಂದ ಸಂಸತ್ತು. 2006ರಲ್ಲಿ ಆಂತರಿಕ ವ್ಯವಹಾರ ಮತ್ತು ಸಂವಹನ ಸಚಿವ. ಹುಟ್ಟೂರಿನಂಥ ಊರುಗಳಿಗೆ ದೇಣಿಗೆ ಕೊಟ್ಟರೆ, ಆದಾಯಕ್ಕೆ ತಕ್ಕ ಮಿತಿಯೊಳಗೆ, ಈಗ 2,000 ಯೆನ್ ಬಿಟ್ಟು ಉಳಿದದ್ದು ತೆರಿಗೆಯಲ್ಲಿ ಕಡಿತವಾಗುವ ‘ಫುರುಸಾತೊ ನೋಜೆಯಿ’ ಅವರು ಮುಂದಿಟ್ಟ ಯೋಜನೆ. 2008ರಲ್ಲಿ ಜಾರಿಗೆ ಬಂತು.

ಎರಡನೆಯದು ‘ಕನ್‌ಬೋ ಚೋಕನ್’, ಮೊದಲ ಸಾಲಿನ ‘ಮುಖ್ಯ ಸಂಪುಟ ಕಾರ್ಯದರ್ಶಿ’. 2012ರ ಡಿಸೆಂಬರ್‌ನಿಂದ 2020ರ ಸೆಪ್ಟೆಂಬರ್‌ವರೆಗೆ, ಪ್ರಧಾನಿ ಶಿಂಜೊ ಅಬೆ ಅವರ ಎರಡನೇ ಸಲದ ಆಡಳಿತದುದ್ದಕ್ಕೂ ಸುಗಾ ಕೂತಿದ್ದ ಕುರ್ಚಿ ಇದು. ಅಷ್ಟು ಕಾಲ ಅದರಲ್ಲಿ ಬೇರೆ ಯಾರೂ ಕೂತಿಲ್ಲ. 1966ರ ಕಾನೂನು ತಿದ್ದುಪಡಿಯ ನಂತರ ಇಲ್ಲಿ ಸಚಿವರೇ ಇರಬೇಕು. ಕೆಲಸದ ದಿನಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ ಎರಡು ಪತ್ರಿಕಾಗೋಷ್ಠಿ. ಸಚಿವಾಲಯಗಳ ನಡುವಿನ ಜಗ್ಗಾಟ ಬಿಡಿಸುವುದು. 2019ರ ಏಪ್ರಿಲ್ 1ರಂದು ‘ರೇವಾ’ ಎಂಬ ಹೊಸ ಯುಗನಾಮದ (ಚಕ್ರವರ್ತಿಯ ಆಳ್ವಿಕೆಯ ಕಾಲಕ್ಕೆ ಇಡುವ ಹೆಸರು) ಫಲಕ ಹಿಡಿದು ತೋರಿಸಿದ್ದು ಇದೇ ಹೊಣೆಯಲ್ಲಿ. ಜನ ನೋಡಿದ್ದು ಫಲಕವನ್ನು. ತೂಕವಿದ್ದದ್ದು ಬೇರೆಡೆ: 2014ರಲ್ಲಿ ಸಂಪುಟದಡಿ ಸಿಬ್ಬಂದಿ ಕಚೇರಿ ಹುಟ್ಟಿತು. ಸುಮಾರು 600 ಉನ್ನತ ಹುದ್ದೆಗಳಿಗೆ ಯಾರು ಅರ್ಹರು ಎಂಬ ಪಟ್ಟಿ ಕನ್‌ಬೋ ಚೋಕನ್ ಕೈಯಲ್ಲಿ ಸಿದ್ಧವಾಗತೊಡಗಿತು. ಬಡ್ತಿಯ ಪಟ್ಟಿ ಹಿಡಿದವರ ಮುಂದೆ ಅಧಿಕಾರಿಗಳು ಬಾಯಿಬಿಟ್ಟು ಬೇಡ ಎನ್ನುವುದು ಕಡಿಮೆಯಾಯಿತು ಎಂಬ ಟೀಕೆ ಬಂದದ್ದು ಇದರಿಂದಲೇ.

ದೆಹಲಿಯ ಹುದ್ದೆಗೆ ಹೋಲಿಕೆ ಬೇಕೇ? ಒಂದು ಮೆಟ್ಟಿಲು ಕೆಳಗೆ ನೋಡಿ. ಕನ್‌ಬೋ ಚೋಕನ್‌ಗೆ ಮೂವರು ಉಪ ಪದಾಧಿಕಾರಿಗಳು. ಸಾಮಾನ್ಯವಾಗಿ ಇಬ್ಬರು ಸಂಸದರು, ಒಬ್ಬರು ಆಡಳಿತ ಸೇವೆಯಿಂದ ಬಂದವರು. ಆ ಮೂರನೆಯವರು ಹತ್ತಿರದ ಹೋಲಿಕೆ, ಪೂರ್ತಿ ಸಮವಲ್ಲ.

ಇನ್ನೊಂದು ಗೊಂದಲ ‘ಕಂಜಿಚೋ’, ಪಕ್ಷದ ಪ್ರಧಾನ ಕಾರ್ಯದರ್ಶಿ. ನಮ್ಮ ಪಕ್ಷಗಳಲ್ಲಿ ಅಂಥವರು ಹಲವರು. ಸುಗಾ ಅವರ ಲಿಬರಲ್ ಡೆಮಾಕ್ರಟಿಕ್ ಪಕ್ಷದಲ್ಲಿ ಒಬ್ಬರೇ. ಪಕ್ಷದ ಹಣವೂ ಚುನಾವಣೆಯ ಟಿಕೆಟ್ಟೂ ಅವರ ಹಿಡಿತದಲ್ಲಿ. 2020ರಲ್ಲಿ ಆ ಸ್ಥಾನದಲ್ಲಿದ್ದ ತೊಶಿಹಿರೊ ನಿಕಾಯಿ ಬೇಗನೆ ಬೆಂಬಲಕ್ಕೆ ನಿಂತದ್ದು, ಸ್ವಂತ ಬಣವೇ ಇಲ್ಲದ ಸುಗಾಗೆ ದಾರಿ ಸಲೀಸು ಮಾಡಿತು.

ಕನ್‌ಬೋ ಚೋಕನ್‌ಗೆ ನಾನು ‘ಸಂಪುಟ ಸಮನ್ವಯ ಸಚಿವ’ ಎಂದು ಬರೆಯುತ್ತೇನೆ. ಇದು ಅಧಿಕೃತ ಅನುವಾದವಲ್ಲ. ‘ಕಾರ್ಯದರ್ಶಿ’ ಬಿಡಲಾರೆವು ಎನ್ನುವವರು ಮೊದಲ ಉಲ್ಲೇಖದಲ್ಲಿ ‘ಸಚಿವ ದರ್ಜೆಯ, ಸರ್ಕಾರದ ವಕ್ತಾರ’ ಎಂದಾದರೂ ಸೇರಿಸಲಿ.