ಊರಿಂದ ಅಪ್ಪ ಅಮ್ಮ ಬಂದಿದಾರೆ, ಇಲ್ಲಿನ ಓಪನ್ ಸ್ಪೇಸ್‌ಗೆ (ಅಂದ್ರೆ ಮನೆ ಕಟ್ಟದೇ ಜನ ಓಡಾಡೋಕೆ ಹಾಗೇ ಉಳಿಸಿರೋ ಬೆಟ್ಟ, ಹುಲ್ಲುಗಾವಲಿಗೆ) ಕರ್ಕೊಂಡು ಹೋಗೋಕೆ ಪರ್ಮಿಟ್ ಬೇಕಾ?

ಬಹುತೇಕ ಕಡೆ ಬೇಡ. ಉತ್ತರ ಇಷ್ಟೇ, ಆದ್ರೆ ಇಷ್ಟೇ ಹೇಳಿದ್ರೆ ಯಾರೂ ನಂಬಲ್ಲ ಅನ್ನೋದು ನಂಗೊತ್ತು, ಯಾಕಂದ್ರೆ ಬೇಸಿಗೆ ಬಂತಂದ್ರೆ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಲಿರೋ ನಮ್ಮ ಜನ ಇದೇ ಪ್ರಶ್ನೆನ ತಿರುಗ್ಸಿ ಮುರುಗ್ಸಿ ಕೇಳ್ತಾನೇ ಇರ್ತಾರೆ. ವಿಸಿಟರ್ ವೀಸಾದೋರನ್ನ ಬಿಡ್ತಾರಾ, ಪಾಸ್‌ಪೋರ್ಟ್ ಇಟ್ಕೋಬೇಕಾ, ನಾವು ಸನ್ನಿವೇಲ್‌ನೋರು ಕ್ಯುಪರ್ಟಿನೋ ಕಡೆ ಬೆಟ್ಟ ಹತ್ತಬಹುದಾ. ಹತ್ತಿ ಸ್ವಾಮಿ, ಯಾರೂ ಏನೂ ಕೇಳಲ್ಲ.

ಇಲ್ಲಿ ಜಾಗಗಳಿಗೆ ಯಜಮಾನರು ಬೇರೆ ಬೇರೆ, ಗೊಂದಲ ಆಗೋದೇ ಅದಕ್ಕೆ. ಕೌಂಟಿ ಪಾರ್ಕ್ ಆದ್ರೆ ಬಹಳಷ್ಟು ಕಡೆ ಫೀಸ್ ಇದೆ, ತಲೆಗಲ್ಲ ಗಾಡಿಗೆ, ಬೂತಲ್ಲಿ ಯಾರೂ ಇಲ್ದಿದ್ರೆ ಅಲ್ಲೇ ಇಟ್ಟಿರೋ ಕವರ್‌ಗೆ ದುಡ್ಡು ಹಾಕಿ ಡಬ್ಬಿಗೆ ತುರುಕಿ, ಅದರ ತುದಿ ಹರಿದು ಡ್ಯಾಶ್‌ಬೋರ್ಡ್ ಮೇಲಿಡೋದು, ಕೆಲವು ಕಡೆ ಕಾರ್ಡ್ ಮಷಿನ್. ಮಿಡ್‌ಪೆನ್ ಅಂತ 1972ರಲ್ಲಿ ಜನರೇ ವೋಟ್ ಹಾಕಿ ಮಾಡ್ಕೊಂಡ ಓಪನ್ ಸ್ಪೇಸ್ ಡಿಸ್ಟ್ರಿಕ್ಟ್ (ಇಂಥ ಜಾಗ ನೋಡ್ಕೊಳ್ಳೋ ಸಾರ್ವಜನಿಕ ಸಂಸ್ಥೆ) ಇದೆ, ಅವರ ಪ್ರಿಸರ್ವ್‌ಗಳು, ಅಂದ್ರೆ ಅವರು ಕಾಪಾಡ್ಕೊಂಡಿರೋ ಜಾಗಗಳು, ಫ್ರೀ, ಪಾರ್ಕಿಂಗೂ ಫ್ರೀ. ಸ್ಯಾನ್ ಹೋಸೆ ಮತ್ತು ದಕ್ಷಿಣದ ಕಡೆ 1993ರಲ್ಲಿ ಬಂದ ಓಪನ್ ಸ್ಪೇಸ್ ಅಥಾರಿಟಿ, ಅದೂ ಫ್ರೀ. ಲಾಸ್ ಗ್ಯಾಟೋಸ್ ಕ್ರೀಕ್, ಸ್ಟೀವನ್ಸ್ ಕ್ರೀಕ್, ಗ್ವಾಡಲೂಪೆ ಥರದ ಹೊಳೆ ಪಕ್ಕದ ಟ್ರೇಲ್‌ಗಳಿಗಂತೂ ಕೇಳೋದೇ ಬೇಡ, ಮನೆಯಿಂದ ಹಾಗೇ ನಡ್ಕೊಂಡು ಹೋಗಿ. ಸಾಮಾನ್ಯವಾಗಿ ಪರ್ಮಿಟ್ ಬೇಕಾಗೋದು ಬ್ಲ್ಯಾಕ್ ಮೌಂಟನ್ ಮೇಲೆ ಟೆಂಟ್ ಹಾಕಿ ಮಲಗ್ತೀನಿ ಅನ್ನೋ ಥರದೋರಿಗೆ. ನಿಮ್ಮ ಅಮ್ಮ ಸೀರೆ ಮೇಲೆ ಸ್ವೆಟರ್ ಹಾಕ್ಕೊಂಡು ಒಂದು ಮೈಲಿ ನಡೆಯೋಕಲ್ಲ.

ಈಗ ಆ ಹಳೇ ಕಥೆಗೆ ಬರೋಣ. "ಇಲ್ಲಪ್ಪಾ, ರೆಸಿಡೆಂಟ್ಸ್‌ಗೆ ಮಾತ್ರ ಅಂತೆ, ಗೇಟಲ್ಲಿ ಐಡಿ ನೋಡಿ ವಾಪಸ್ ಕಳಿಸ್ತಾರಂತೆ, ನಮ್ಮ ಕಲೀಗ್‌ಗೇ ಆಗಿತ್ತಂತೆ." ಈ ಅಂತೆ ಕಂತೆಗೆ ಒಂದು ಬೇರಿದೆ, ಅದನ್ನ ಕಿತ್ತು ತೋರಿಸದೇ ಇದು ಸಾಯಲ್ಲ. ಪಾಲೋ ಆಲ್ಟೋ ಸಿಟಿ 1959ರಲ್ಲಿ ಬೆಟ್ಟದ ಕಡೆ ದೊಡ್ಡ ಜಮೀನು ಕೊಂಡ್ಕೊಂಡಿತು, ಪಕ್ಕದೂರನ್ನ ಖರ್ಚಲ್ಲಿ ಪಾಲು ಕೇಳಿದ್ರೆ ಒಪ್ಪಲಿಲ್ಲ, ಸರಿ ಹಾಗಾದ್ರೆ ನಮ್ಮೂರಿನೋರಿಗೆ ಮಾತ್ರ ಅಂತ 1965ರಲ್ಲಿ ಫುಟ್‌ಹಿಲ್ಸ್ ಪಾರ್ಕ್ ತೆರೆದ್ರು. ಅಲ್ಲಿ ನಿಜವಾಗ್ಲೂ ಗೇಟಲ್ಲಿ ಐಡಿ ನೋಡಿ ಕಳಿಸ್ತಿದ್ರು, ಪಾಲೋ ಆಲ್ಟೋದೋರು ಜೊತೆಗೆ ಕರ್ಕೊಂಡು ಬಂದ್ರೆ ಮಾತ್ರ ಬೇರೆಯೋರಿಗೆ ಪ್ರವೇಶ. ಅರ್ಧ ಶತಮಾನ ಹೀಗೇ ನಡೀತು. 2020ರಲ್ಲಿ ಕೇಸ್ ಬಿತ್ತು, ಸಾರ್ವಜನಿಕ ಜಾಗಕ್ಕೆ ಬೇಲಿ ಹಾಕೋದು ಸಂವಿಧಾನಕ್ಕೆ ವಿರುದ್ಧ ಅಂತ, ಅದೇ ಡಿಸೆಂಬರ್‌ನಲ್ಲಿ ಗೇಟ್ ಎಲ್ಲರಿಗೂ ತೆರೀತು. ಈಗ ಹೆಸರೂ ಫುಟ್‌ಹಿಲ್ಸ್ ನೇಚರ್ ಪ್ರಿಸರ್ವ್, ಹೊರಗಿನೋರು ಗಾಡಿಗೆ ಫೀಸ್ ಕಟ್ಟಿ ಒಳಗೆ ಹೋಗಬಹುದು. ಅಂದ್ರೆ ಇಡೀ ಕೌಂಟಿ ಮೇಲೆ ಹೊರಿಸ್ತಿರೋ ಈ ರೂಲು ಇದ್ದಿದ್ದು ಒಂದು ಊರಿನ ಒಂದು ಪಾರ್ಕಲ್ಲಿ, ಅದೂ ಹೋಗಿ ವರ್ಷಗಳಾಯ್ತು. ಕಲೀಗ್‌ಗೆ ಆಗಿತ್ತು ಅನ್ನೋದು ಸುಳ್ಳಲ್ದೇ ಇರಬಹುದು, ಯಾವ ಇಸವೀಲಿ ಅಂತ ಒಂಚೂರು ಕೇಳಿ ನೋಡಿ.

ಜನಕ್ಕೆ ನಿಜವಾಗ್ಲೂ ದಂಡ ಬೀಳೋದು ಬೇರೆ ಕಾರಣಕ್ಕೆ. ಮಿಡ್‌ಪೆನ್ ಜಾಗಗಳು ಸೂರ್ಯ ಮುಳುಗಿ ಅರ್ಧ ಗಂಟೆಗೆ ಮುಚ್ತಾವೆ, ಬೋರ್ಡಲ್ಲಿ ಬರೆದಿರುತ್ತೆ, ನಮ್ಮೋರು ಸನ್‌ಸೆಟ್ ಫೋಟೋ ಮುಗಿಸಿ ಥರ್ಮಾಸ್ ಬಿಚ್ಚೋ ಹೊತ್ತಿಗೆ ರೇಂಜರ್ ಬಂದಿರ್ತಾನೆ. ಇನ್ನೊಂದು ನಾಯಿ. ರಾಂಚೋ ಸ್ಯಾನ್ ಆಂಟೋನಿಯೋ ಪ್ರಿಸರ್ವ್‌ಗೆ ನಾಯಿ ತರಂಗಿಲ್ಲ. ಅಪ್ಪ ಅಮ್ಮಂಗೆ ಒಂದೇ ಜಾಗ ಹೇಳಿ ಅಂದ್ರೆ ಅದನ್ನೇ ಹೇಳ್ತೀನಿ, ಪಾರ್ಕಿಂಗಿಂದ ಹೆಚ್ಚೂಕಮ್ಮಿ ಮಟ್ಟಸದ ದಾರೀಲಿ ಒಂದು ಮೈಲಿ ನಡೆದ್ರೆ ಡೀರ್ ಹಾಲೋ ಫಾರ್ಮ್, ಮೇಕೆ ಕೋಳಿ ಎಲ್ಲಾ ಇದೆ. ವೀಕೆಂಡ್ ಬೆಳಿಗ್ಗೆ ತಡ ಮಾಡಿದ್ರೆ ಪಾರ್ಕಿಂಗ್ ಮರೆತುಬಿಡಿ.

ಯಾರೂ ಕೇಳದಿದ್ರೂ ಒಂದು ಹೇಳ್ಬಿಡ್ತೀನಿ, ಅಪ್ಪಂದಿರು ಖಂಡಿತಾ ಕೇಳ್ತಾರೆ: ಈ ಬೆಟ್ಟದ ಮೇಲೆ ದನ ಯಾರ್ದು? ಲೀಸ್ ಮೇಲೆ ಮೇಯಿಸೋ ರೈತರದ್ದು, ಬೇಕಂತಲೇ ಬಿಟ್ಟಿರೋದು. ಸ್ಯಾನ್ ಹೋಸೆ ದಕ್ಷಿಣಕ್ಕೆ 2023ರಲ್ಲಿ ತೆರೆದ ಕೊಯೋಟಿ ರಿಡ್ಜ್ ನೋಡಿ, ಅಲ್ಲಿ ಸರ್ಪೆಂಟೈನ್ ಕಲ್ಲಿನ ಬಡ ಮಣ್ಣು, ಹೊರಗಿಂದ ಬಂದ ಹುಲ್ಲಿಗೆ ಒಗ್ಗಲ್ಲ, ಹಾಗಾಗಿ ಇಲ್ಲಿನದೇ ಪುಟ್ಟ ಹೂಗಿಡಗಳು ಉಳ್ಕೊಂಡಿದ್ವು, ಅವನ್ನ ನಂಬ್ಕೊಂಡು ಬೇ ಚೆಕರ್‌ಸ್ಪಾಟ್ ಅನ್ನೋ ಚಿಟ್ಟೆ. ಆದ್ರೆ ಕೆಳಗೆ 101 ಹೈವೇ, ಕಾರುಗಳ ಹೊಗೇಲಿರೋ ನೈಟ್ರೋಜನ್ ಬೆಟ್ಟದ ಮೇಲೆ ಇಳಿದು ಯೂರಿಯಾ ಚೆಲ್ಲಿದ ಹಾಗೆ ಆಗಿ ಪರದೇಶಿ ಹುಲ್ಲು ಹುಲುಸಾಗಿ ಬೆಳೆಯುತ್ತೆ, ಹೂಗಿಡ ಮುಚ್ಚಿಹೋಗುತ್ತೆ. ದನ ಆ ಹುಲ್ಲು ಮೇಯುತ್ವೆ. ಮೇಯಿಸೋದು ನಿಲ್ಸಿದ ಕಡೆ ಚಿಟ್ಟೆ ಸಂತತಿ ಕುಸಿದಿದ್ದನ್ನ ವಿಜ್ಞಾನಿಗಳು ದಾಖಲೆ ಮಾಡಿದಾರೆ, ಹಾಗಾಗಿ "ಕಾಡಲ್ಲಿ ದನ ಬಿಟ್ಟು ಹಾಳು ಮಾಡ್ತಿದಾರೆ" ಅನ್ನೋ ಮೊದಲು ಸ್ವಲ್ಪ ತಡೀರಿ. ಚಿಟ್ಟೆ ನೋಡ್ಬೇಕಂದ್ರೆ ಮಾರ್ಚ್, ಏಪ್ರಿಲ್ ಹೊತ್ತಿಗೆ ಹೋಗಿ. ಕರು ಇರೋ ಹಸು ಹತ್ರ ಸೆಲ್ಫಿಗೆ ಹೋಗ್ಬೇಡಿ, ದಾರೀಲಿ ದನದ ಗೇಟ್ ಸಿಕ್ಕಿದ್ರೆ ದಾಟಿದ ಮೇಲೆ ಚಿಲಕ ಹಾಕಿ.